ಇತ್ತು ಮಾಮನ ಹೆಬ್ಬೆರಳು

ನಮ್ಮಪ್ಪನ ಜೊತೆ ಊರು ಸುತ್ತುವುದೆಂದರೆ ಇಲ್ಲದ ವಸ್ತುಗಳನ್ನು ನೋಡಿಕೊಂಡು ಬರುವುದು. ಬಸ್ ನಿಲ್ದಾಣದ ಹತ್ತಿರ ಬಂದರೆ ಸಾಕು, ಕೈ ಎತ್ತಿ ಬರೀ ಆಕಾಶ ತೋರಿಸುತ್ತಾರೆ. "ನೋಡು, ಅಲ್ಲೊಂದು ನೀರಿನ ಟ್ಯಾಂಕ್ ಇತ್ತು. ಎಂಥಾ ಟ್ಯಾಂಕು ಅಂತೀಯ! ನಾನೇ ಕತ್ತರಿಸಿದ್ದು." ನದಿ ದಂಡೆಗೆ ಹೋದರೆ, "ಇಲ್ಲಿ ಕಬ್ಬಿಣದ ಸೇತುವೆ ಇತ್ತು. ಹನ್ನೊಂದು ದಿನ ಕೆಲಸ. ಹನ್ನೆರಡನೇ ದಿನ ಇರ್ಲಿಲ್ಲ." ಗಿರಣಿಯ ಹಿಂದೆ ಬಾಯ್ಲರ್ ಇತ್ತು, ರೈಲು ಹಳಿಯ ಪಕ್ಕ ಕ್ರೇನ್ ಇತ್ತು, ಬಂದರಿನಲ್ಲಿ ಮೂರು ಅಂತಸ್ತಿನ ಹಡಗು ಇತ್ತು. ಹೀಗೆ ಇತ್ತು ಇತ್ತು ಅಂದು ಅಂದೇ ಊರಿನವರೆಲ್ಲ ಸೇರಿ ಅಪ್ಪನಿಗೆ ಇತ್ತು ಮಾಮ ಅಂತ ಹೆಸರಿಟ್ಟುಬಿಟ್ಟಿದ್ದಾರೆ. ಅಪ್ಪನಿಗೆ ಅದು ಗೊತ್ತು. ಕರೆದರೆ ತಿರುಗಿಯೂ ನೋಡುತ್ತಾರೆ.

ನಾನು ಅವರ ಒಬ್ಬಳೇ ಮಗಳು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅಪ್ಪನ ವಿಷಯ ಬಂದರೆ ಮೂಗು ದಾಟಿ ಮುಂದಕ್ಕೂ ಹೋಗುತ್ತದೆ. ಅಪ್ಪನನ್ನು ಆಡಿಕೊಳ್ಳುವ ಹಕ್ಕು ನನ್ನದೊಬ್ಬಳದೇ. ಓದುವವರು ನಗಲಿ, ಬೇಡ ಅನ್ನುವುದಿಲ್ಲ. ಆದರೆ ನಾನು ನಕ್ಕ ಮೇಲೆ ನಗಬೇಕು.

ಅಪ್ಪ ಗ್ಯಾಸ್ ಕಟ್ಟರ್. ನಲವತ್ತು ವರ್ಷ ಗುಜರಿ ಯಾರ್ಡಿನಲ್ಲಿ ದುಡಿದವರು. ನೀಲಿ ಪೈಪಿನಲ್ಲಿ ಆಕ್ಸಿಜನ್, ಕೆಂಪು ಪೈಪಿನಲ್ಲಿ ಬೆಳ್ಳುಳ್ಳಿ ವಾಸನೆಯ ಅಸಿಟಿಲೀನ್ ಗ್ಯಾಸು, ಎರಡೂ ಬಂದು ಸೇರುವ ಕಡೆ ಉರಿ ಉಗುಳುವ ಮೊಳದುದ್ದದ ಟಾರ್ಚು. ಟಾರ್ಚಿನ ಬೆನ್ನ ಮೇಲೆ ಒಂದು ಲಿವರ್. ಉರಿ ಹಿಡಿದು ಕಬ್ಬಿಣವನ್ನು ಕಾಯಿಸಬೇಕು; ಅದು ಕೆಂಪಗಾದ ಕೂಡಲೇ ಹೆಬ್ಬೆರಳಿನಿಂದ ಲಿವರ್ ಅದುಮಬೇಕು. ಸುಂಯ್ ಅಂತ ಆಕ್ಸಿಜನ್ ನುಗ್ಗಿ ಕಬ್ಬಿಣ ಸೀಳಿಕೊಂಡು ಹೋಗುತ್ತದೆ. ಕೆಂಪು ಕಂಡರೆ ಅದುಮು: ಅಪ್ಪನ ಹೆಬ್ಬೆರಳು ಕಲಿತ ವಿದ್ಯೆ ಇದೊಂದೇ, ಮತ್ತು ಇದನ್ನು ಅದು ಚೆನ್ನಾಗಿ ಕಲಿತಿತ್ತು. ಎಷ್ಟು ಚೆನ್ನಾಗಿ ಎಂದರೆ ಅಪ್ಪನ ಅಪ್ಪಣೆಗೂ ಅದು ಕಾಯುತ್ತಿರಲಿಲ್ಲ. ಟೊಮೆಟೊ ಆರಿಸಲು ಹೋದರೆ ಹೆಬ್ಬೆರಳು ಒಳಗೇ ಹೋಗಿಬಿಡುತ್ತಿತ್ತು. ಅಮ್ಮ ಅವರನ್ನು ತರಕಾರಿಗೆ ಕಳಿಸುವುದನ್ನೇ ಬಿಟ್ಟರು. ಬಸ್ಸಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಹೊತ್ತಿದರೆ ಪಕ್ಕದಲ್ಲಿ ಕೂತವರ ತೊಡೆಗೆ ಒಂದು ಒತ್ತು. ಚಿಕ್ಕವಳಿದ್ದಾಗ ನನ್ನ ಜಡೆಗೆ ಕೆಂಪು ರಿಬ್ಬನ್ ಕಟ್ಟುವಾಗಲೆಲ್ಲ ನನ್ನ ನೆತ್ತಿಗೂ ಒಂದು. ನಾನು ಬುದ್ಧಿವಂತೆಯಾಗಿ ನೀಲಿ ರಿಬ್ಬನ್ನಿಗೆ ಬದಲಾದೆ.

ಇನ್ನು ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ. ಅವರು ಗ್ಯಾಸ್ ವೆಲ್ಡರ್. ಮನೆಯ ಮುಂದಿನ ಕೋಣೆಯೇ ಅಂಗಡಿ: ಗೋಡೆಗೆ ಸರಪಣಿ ಹಾಕಿ ನಿಲ್ಲಿಸಿದ ಎರಡು ಸಿಲಿಂಡರು, ಇಟ್ಟಿಗೆ ಜೋಡಿಸಿದ ಮೇಜು, ಕಬ್ಬಿಣವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಒಂದು ವೈಸು, ಬೀದಿಯ ಕಡೆಗೆ ಅಗಲವಾದ ಬಾಗಿಲು. ಸೈಕಲ್ ಫ್ರೇಮು, ಆಸ್ಪತ್ರೆಯ ಮಂಚ, ಶಾಲೆಯ ಬೆಂಚು, ಮುರಿದದ್ದೆಲ್ಲ ಅಲ್ಲಿಗೆ ಬರುತ್ತದೆ. ಮೂವತ್ತೈದು ವರ್ಷ ಕಪ್ಪು ಕನ್ನಡಕ ಹಾಕಿ ಹಾಕಿ ಅವರ ಕಣ್ಣ ಸುತ್ತ ಎರಡು ಉಂಗುರಗಳ ಗುರುತು ಕೂತುಬಿಟ್ಟಿದೆ. ಅವರ ಜೊತೆ ರಸ್ತೆಯಲ್ಲಿ ನಡೆದರೆ ಹೋಗುವ ಬರುವ ಸೈಕಲನ್ನೆಲ್ಲ ತಟ್ಟಿ, "ಇದು ನನ್ನ ಬೆಸುಗೆ" ಅನ್ನುತ್ತಾರೆ. ಅಪ್ಪ ಗಾಳಿ ತೋರಿಸುವವರು, ಅತ್ತೆ ಕಬ್ಬಿಣ ತೋರಿಸುವವರು. ಇಬ್ಬರ ನಡುವೆ ಸಿಕ್ಕಿಕೊಂಡ ಜೀವ ನಾನು.

ಒಂದು ಭಾನುವಾರ ಅಪ್ಪ ಅಮ್ಮ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ನನಗೆ ಆಗ ಏಳು ತಿಂಗಳು. ಅತ್ತೆ ಬಡಿಸುತ್ತಾ, "ತೊಟ್ಟಿಲಿಗೆ ಪೈಪು ತಂದಿಟ್ಟಿದ್ದೀನಿ, ಮುಂದಿನ ತಿಂಗಳು ಕೂತು ಮಾಡಿಬಿಡ್ತೀನಿ" ಅಂದರು.

ಅಪ್ಪ ಬಾಯಲ್ಲಿದ್ದ ತುತ್ತು ನುಂಗುವುದಕ್ಕೂ ಕಾಯಲಿಲ್ಲ. "ತೊಟ್ಟಿಲು ನಾನು ಮಾಡ್ತೀನಿ."

ಮೊದಲು ನಕ್ಕಿದ್ದು ನನ್ನ ಗಂಡ. ಅವನಿಗೆ ಆಮೇಲೆ ನನ್ನಿಂದ ಸಿಗಬೇಕಾದ್ದು ಸಿಕ್ಕಿತು. ಅಮ್ಮ ಮಾತ್ರ ನಗದೆ, "ನೀವು ಮಾಡಿದ್ರೆ ಒಂದು ತೊಟ್ಟಿಲು ಇರಲ್ಲ, ಎರಡು ಅರ್ಧ ತೊಟ್ಟಿಲಿರುತ್ತೆ" ಅಂದರು.

"ಯಾಕೆ? ಅದೇ ಗ್ಯಾಸು, ಅದೇ ಸಿಲಿಂಡರು, ಅದೇ ಪೈಪು. ಬೀಗ್ತಿಯವ್ರು ಹಿಡಿಯೋದೂ ಟಾರ್ಚೇ, ನಾನು ಹಿಡಿಯೋದೂ ಟಾರ್ಚೇ. ಏನು ಮಹಾ ವ್ಯತ್ಯಾಸ?"

ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. ಸೌಟು ಮುಳುಗಿತು. "ಏನು ವ್ಯತ್ಯಾಸ ಅಂತ ನಾಳೆ ಬೆಳಿಗ್ಗೆ ಬನ್ನಿ ಬೀಗ್ರೇ, ತೋರಿಸ್ತೀನಿ. ಆದ್ರೆ ನನ್ನ ಅಂಗಡಿಗೊಂದು ಕಾನೂನಿದೆ. ಮನುಷ್ಯರು ಕೂರೋದು, ಮಲಗೋದು ಏನೇ ಮಾಡಿದ್ರೂ ಒಂದು ಹೆಚ್ಚಿಗೆ ಮಾಡ್ಬೇಕು. ಆ ಹೆಚ್ಚಿನದನ್ನ ಒಡೆದು ಬೆಸುಗೆ ಒಳಗೆ ಹೇಗಿದೆ ಅಂತ ನೋಡ್ಬೇಕು. ತೊಟ್ಟಿಲಿಗೆ ಎರಡು ಪಕ್ಕದ ಚೌಕಟ್ಟು ಬೇಕು, ನೀವು ಮೂರು ಮಾಡ್ಬೇಕು. ಯಾವುದು ಒಡೆಯೋದು ಅಂತ ಕೊನೇಲಿ ನಾನು ಹೇಳ್ತೀನಿ. ಒಳಗೆ ಹುಳುಕು ಸಿಕ್ಕಿದ್ರೆ ಮೂರೂ ಗುಜರಿಗೆ."

"ಒಡೆಯೋದು ತಾನೇ? ನಾನೇ ಕತ್ತರಿಸಿ ಕೊಡ್ತೀನಿ. ಕಣ್ಣು ಮಿಟುಕಿಸೋದ್ರೊಳಗೆ," ಅಂದರು ಅಪ್ಪ.

ಸಂಜೆ ಅವರನ್ನು ಬಸ್ಸಿಗೆ ಬಿಡಲು ಹೋದೆ. ಅಮ್ಮ ಮುಂದೆ ಮುಂದೆ ನಡೆಯುತ್ತಿದ್ದರು. ಎಂದಿನ ಜಾಗ ಬಂತು, ಆದರೆ ಅಪ್ಪ ಕೈ ಎತ್ತಲಿಲ್ಲ, ಟ್ಯಾಂಕಿನ ಕಥೆ ಹೇಳಲಿಲ್ಲ.

"ಯಾಕಪ್ಪಾ, ಇವತ್ತು ಟ್ಯಾಂಕ್ ಇರ್ಲಿಲ್ವಾ?" ಅಂದೆ.

"ಪುಟ್ಟಿ, ನಲವತ್ತು ವರ್ಷ ಬೆವರು ಸುರಿಸಿದ್ದೀನಿ. ನಿನ್ನ ಮಗು ನನ್ನ ಕೈ ಹಿಡ್ಕೊಂಡು ಬರುತ್ತಲ್ಲ, ತಾತ ನೀನೇನು ಮಾಡ್ದೆ ಅಂತ ಕೇಳುತ್ತಲ್ಲ, ಏನು ತೋರಿಸ್ಲಿ? ನಿಮ್ಮತ್ತೆ ದಾರಿಯುದ್ದಕ್ಕೂ ಸೈಕಲ್ಲು ತೋರಿಸ್ತಾರೆ. ನಾನು ಬರೀ ಗಾಳಿ ತೋರಿಸ್ಲಾ?"

ಬಸುರಿಗೆ ಎಲ್ಲದಕ್ಕೂ ಮೂಗು ಸೋರುತ್ತದೆ ಅಂತ ನೆಪ ಹೇಳಿ ಮೂಗೊರೆಸಿಕೊಂಡೆ. ತೊಟ್ಟಿಲು ಅಪ್ಪನ ಕೈಯಲ್ಲೇ ಆಗಬೇಕು ಅಂತ ನನಗೂ ಆ ಕ್ಷಣವೇ ಹಟ ಹತ್ತಿತು.

ಮರುದಿನ ಎಂಟು ಗಂಟೆಗೆ ಅಪ್ಪ ಹಾಜರು. ತಮ್ಮ ಹಳೆಯ ಕಟಿಂಗ್ ಟಾರ್ಚನ್ನು ಟವೆಲಿನಲ್ಲಿ ಸುತ್ತಿಕೊಂಡು ಎಳೆಗೂಸಿನ ಹಾಗೆ ಎದೆಗವಚಿಕೊಂಡು ತಂದಿದ್ದರು. ನನ್ನನ್ನು ಅತ್ತೆ ಅಂಗಡಿಯೊಳಗೆ ಬಿಡಲಿಲ್ಲ. "ಹೊಗೆ, ಉರಿ, ನಿನಗೆ ಬೇಡ" ಅಂತ ನಡುಮನೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಟ್ಟರು. ಅಂಗಡಿ ಪೂರ್ತಿ ಕಾಣುವ ಕಿಟಕಿ. ಎರಡು ತಿಂಗಳು ನಾನು ಆ ಕುರ್ಚಿ ಬಿಟ್ಟು ಎದ್ದದ್ದು ಕಡಿಮೆ.

ಅತ್ತೆ ಎರಡೂ ಟಾರ್ಚುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದರು. "ಮುಖ ನೋಡಿ ಮೊದ್ಲು. ನನ್ನದಕ್ಕೆ ಒಂದೇ ಕಣ್ಣು. ಗ್ಯಾಸು, ಆಕ್ಸಿಜನ್ನು ಎರಡೂ ಒಳಗೇ ಬೆರೆತು ಒಂದೇ ತೂತಿಂದ ಉರಿ ಬರುತ್ತೆ. ನಿಮ್ಮದಕ್ಕೆ ಸುತ್ತಲೂ ಆರು ಕಣ್ಣು, ನಡುವೆ ಒಂದು ಬಾಯಿ. ಕಣ್ಣಿಂದ ಉರಿ, ಬಾಯಿಂದ ಬರೀ ಆಕ್ಸಿಜನ್ನು. ಆ ಬಾಯಿ ತೆರೆಸೋಕೇ ಮೇಲೊಂದು ಲಿವರು. ನನ್ನ ಟಾರ್ಚಿಗೆ ಬಾಯೇ ಇಲ್ಲ."

"ಅದಕ್ಕೇ ಅದರ ಪಾಲಿನ ಮಾತೂ ನೀವೇ ಆಡ್ತೀರಿ," ಅಂದರು ಅಪ್ಪ.

ಬೀಗರ ಮಾತು ಎಂದಮೇಲೆ ಇಷ್ಟು ಕುಟುಕು ಇರಲೇಬೇಕು. ಅತ್ತೆ ಕೇಳಿಸದವರಂತೆ ವೆಲ್ಡಿಂಗ್ ಟಾರ್ಚನ್ನು ಹೊತ್ತಿಸಿದರು. ಮೊದಲು ಹಳದಿ ಉರಿ, ಮಸಿ. ಆಕ್ಸಿಜನ್ ತಿರುಗಿಸುತ್ತಿದ್ದಂತೆ ಉರಿ ಮೈ ಬಿಗಿದುಕೊಂಡು ನೀಲಿಯಾಯಿತು, ನಡುವೆ ಬೆಳ್ಳನೆಯ ಚಿಕ್ಕ ಮೊನೆ. ಟಾರ್ಚನ್ನು ಓರೆಯಾಗಿ ಹಿಡಿದು, ಎಡಗೈಯಲ್ಲಿ ತಂತಿಯಂಥ ಕಡ್ಡಿ ಹಿಡಿದು, ಎರಡು ಪೈಪು ಸೇರುವ ಕಡೆ ಮೆಲ್ಲಗೆ ಸುತ್ತುಸುತ್ತಾಗಿ ಆಡಿಸಿದರು. ಕಬ್ಬಿಣ ಕೆಂಪಾಯಿತು, ಆಮೇಲೆ ಬೆವರಿತು, ಆಮೇಲೆ ಒಂದು ಹನಿಯಷ್ಟು ಹೊಳೆಯುವ ಕೊಳವಾಯಿತು. ಕಡ್ಡಿ ಅದ್ದಿ ಅದ್ದಿ ಕೊಳವನ್ನು ಮುಂದೆ ಮುಂದೆ ತಳ್ಳಿಕೊಂಡು ಹೋದರು. ಹಿಂದೆ ಮೀನಿನ ಹುರುಪೆಯಂಥ ಗೆರೆ ಉಳಿಯಿತು.

"ಕೆಂಪಾದ ಮೇಲೂ ಸುಮ್ನಿರ್ಬೇಕು," ಅಂದರು ಅತ್ತೆ. "ಕೆಂಪು ನಿಮಗೆ ಕೊನೆ. ನನಗೆ ಶುರು."

ಅಪ್ಪ ಕನ್ನಡಕ ಏರಿಸಿ ಕೂತರು. ಟಾರ್ಚನ್ನು ನೆಟ್ಟಗೆ, ಲಂಬವಾಗಿ ಹಿಡಿದರು, ಹಡಗು ಸೀಳುವವರ ಹಾಗೆ. ಅತ್ತೆ ಕೈ ಹಿಡಿದು ಓರೆ ಮಾಡಿಸಿದರು. ಕಬ್ಬಿಣ ಕೆಂಪಾಯಿತು. ಹೆಬ್ಬೆರಳು ತನ್ನ ಕೆಲಸ ಮಾಡಿತು. ಅಲ್ಲಿ ಲಿವರ್ ಇಲ್ಲ. ಬೆರಳು ಟಾರ್ಚಿನ ಬೆನ್ನನ್ನೇ ಅದುಮಿತು, ಟಾರ್ಚಿನ ಮೂಗು ತಗ್ಗಿ ಕೆಂಪಗಾದ ಕಬ್ಬಿಣಕ್ಕೆ ತಾಗಿತು, ಪಟಾರ್ ಅಂತ ಸದ್ದಾಗಿ ಉರಿ ಆರಿತು. ಎದುರಿನ ಕ್ಷೌರದ ಅಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಓಡಿ ಬಂದ. ಅವನ ಹಿಂದೆ ಅರ್ಧ ಮೀಸೆಯ ಗಿರಾಕಿ.

"ಏನಿಲ್ಲ, ಏನಿಲ್ಲ, ಬೀಗ್ರು ಕಲೀತಿದ್ದಾರೆ," ಅಂದರು ಅತ್ತೆ.

ಮತ್ತೆ ಹೊತ್ತಿಸಿದರು. ಕೆಂಪು, ಹೆಬ್ಬೆರಳು, ಪಟಾರ್. ಮತ್ತೆ. ಪಟಾರ್. ಮಧ್ಯಾಹ್ನದ ಹೊತ್ತಿಗೆ ಕ್ಷೌರದವನು ಓಡಿ ಬರುವುದನ್ನು ಬಿಟ್ಟ. ಆದರೆ ಅವನ ಗಿರಾಕಿಗಳು ಬರುವುದನ್ನೂ ಬಿಟ್ಟರು. ಅಪ್ಪ ಹೆಬ್ಬೆರಳಿಗೆ ಬೈದರು. ಅದನ್ನು ಕಣ್ಣ ಮುಂದೆ ಹಿಡಿದುಕೊಂಡು, "ಮುಟ್ಟಾಳ, ನಿನಗೆ ನಾಚಿಕೆ ಇದ್ಯಾ?" ಅಂತ ಕೇಳಿದರು. ಬೆರಳಿಗೆ ಬಟ್ಟೆ ಸುತ್ತಿದರು. ಬಟ್ಟೆ ಸುತ್ತಿಕೊಂಡೇ ಅದುಮಿತು. ತೋರುಬೆರಳಿಗೆ ಸೇರಿಸಿ ಕಟ್ಟಿದರು, ತೋರುಬೆರಳನ್ನೂ ಕೆಡಿಸಿತು. ನಾನು ಕಿಟಕಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಹೊಟ್ಟೆಯೊಳಗಿದ್ದವರು ಒದೆಯುತ್ತಿದ್ದರು.

ನಾಲ್ಕನೇ ದಿನ ಅಪ್ಪ ಟಾರ್ಚನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತರು. "ಬೀಗ್ತಿಯವ್ರೇ, ಈ ಬೆರಳು ಕೆಟ್ಟುಹೋಗಿದೆ. ತೊಟ್ಟಿಲು ನೀವೇ ಮಾಡಿ."

ಅವರ ಮುಖ ನೋಡಿ ನನ್ನ ನಗು ಅಲ್ಲೇ ನಿಂತಿತು. ಅತ್ತೆಯೂ ಏನೂ ಕುಟುಕಲಿಲ್ಲ. ಎದ್ದು ಹೋಗಿ, ರಿಪೇರಿಗೆ ಬಂದ ಹಳೆಯ ಸೈಕಲ್ಲುಗಳ ರಾಶಿಯಲ್ಲಿ ಕೈಯಾಡಿಸಿ, ಒಂದು ಬೆಲ್ ಬಿಚ್ಚಿಕೊಂಡು ಬಂದರು. ಅದನ್ನು ತಮ್ಮ ವೆಲ್ಡಿಂಗ್ ಟಾರ್ಚಿನ ಬೆನ್ನಿಗೆ, ಕಟಿಂಗ್ ಟಾರ್ಚಿನಲ್ಲಿ ಲಿವರ್ ಇರುವ ಸರಿಯಾದ ಜಾಗಕ್ಕೆ, ಪಟ್ಟಿ ಹಾಕಿ ಬಿಗಿದರು.

"ಬೆರಳಿಗೆ ಬೈಬೇಡಿ ಪಾಪ. ನಲವತ್ತು ವರ್ಷ ದುಡಿದಿದೆ, ಕೆಲಸ ಇಲ್ದೆ ಇರು ಅಂದ್ರೆ ಹೇಗಿರುತ್ತೆ? ಅದಕ್ಕೊಂದು ಕೆಲಸ ಕೊಡೋಣ. ಅದುಮ್ಲಿ. ಎಷ್ಟು ಬೇಕಾದ್ರೂ ಅದುಮ್ಲಿ."

ಅಪ್ಪ ಹೊತ್ತಿಸಿದರು. ಕಬ್ಬಿಣ ಕೆಂಪಾಯಿತು. ಟ್ರಿಣ್! ಮೂಗು ತಗ್ಗಲಿಲ್ಲ, ಉರಿ ಆರಲಿಲ್ಲ. ಟ್ರಿಣ್ ಟ್ರಿಣ್! ಕಬ್ಬಿಣ ಬೆವರಿತು. ಟ್ರಿಣ್! ಕೊಳ ಮೂಡಿತು. ಅಪ್ಪನ ಜೀವಮಾನದಲ್ಲಿ ಕಬ್ಬಿಣ ಕೆಂಪಿನಿಂದ ಮುಂದಕ್ಕೆ ಹೋಗಿ ಸದ್ದಿಲ್ಲದೆ ಕರಗಿದ್ದು ಅದೇ ಮೊದಲು. ಸದ್ದಿಲ್ಲದೆ ಅಂದರೆ, ಬೆಲ್ಲಿನ ಸದ್ದು ಬಿಟ್ಟು.

"ಕರಗ್ತು! ಪುಟ್ಟಿ, ಕರಗ್ತು ನೋಡು!" ಅಂತ ಕನ್ನಡಕದೊಳಗಿನಿಂದಲೇ ಕೂಗಿದರು. ಟ್ರಿಣ್!

ಆಮೇಲೆ ನಮ್ಮ ಬೀದಿಗೆ ಹುಚ್ಚು ಹಿಡಿದ ಹಾಗಾಯಿತು. ಬೆಳಿಗ್ಗೆಯಿಂದ ಸಂಜೆಯ ತನಕ ಬೆಲ್. ನಡೆದು ಹೋಗುವವರು ಸೈಕಲ್ ಬಂತೆಂದು ಪಕ್ಕಕ್ಕೆ ಹಾರುವರು, ತಿರುಗಿ ನೋಡಿದರೆ ಸೈಕಲ್ಲೇ ಇಲ್ಲ. ಪತ್ರ ಹಂಚುವವನು ದಿನಾ ಒಂದೇ ಜಾಗದಲ್ಲಿ ದಾರಿ ಬಿಟ್ಟು ನಿಲ್ಲುತ್ತಿದ್ದ. ಮೊದಲ ದಿನ ನಾನು ಕಿಟಕಿಯಲ್ಲಿ ಕೂತು ಎಣಿಸಿದೆ: ಇನ್ನೂರ ಹನ್ನೊಂದು ಸಲ. ಮರುವಾರ ನೂರರ ಒಳಗೆ ಬಂತು. ಬೆರಳು ಅದುಮುವ ಮುಂಚೆ ಒಂದು ಗಳಿಗೆ ಯೋಚನೆ ಮಾಡುವುದನ್ನು ಕಲಿಯುತ್ತಿತ್ತು.

ಕೆಲಸದ ನಡುವೆ ಬೀಗರಿಬ್ಬರದೂ ಒಂದೇ ಜಗಳ. ಅತ್ತೆಯ ಪ್ರಕಾರ ಕಟಿಂಗ್ ಅಂದರೆ ಅವಸರದ ವೆಲ್ಡಿಂಗ್. ಕಬ್ಬಿಣವನ್ನು ಸಿಕ್ಕಾಪಟ್ಟೆ ಕರಗಿಸಿ ಊದಿಬಿಡುವುದು. ಇದನ್ನು ಕೇಳಿದರೆ ಅಪ್ಪನ ಮೈ ಉರಿಯುತ್ತಿತ್ತು.

"ಕರಗಿಸೋದಲ್ಲ ಬೀಗ್ತಿಯವ್ರೇ, ಎಷ್ಟು ಸಲ ಹೇಳ್ಲಿ! ಕಬ್ಬಿಣ ಉರಿಯುತ್ತೆ. ಕೆಂಪಗಾದ ಕಬ್ಬಿಣಕ್ಕೆ ಬರೀ ಆಕ್ಸಿಜನ್ ಬಿಟ್ರೆ ಅದು ಕಟ್ಟಿಗೆ ಥರ ತಾನೇ ಹೊತ್ಕೊಂಡು ಉರಿಯುತ್ತೆ. ನಾನು ಬರೀ ದಾರಿ ತೋರಿಸೋದು. ಅದಕ್ಕೇ ಸ್ಟೀಲ್ ಪಾತ್ರೆ ನನ್ನ ಟಾರ್ಚಿಗೆ ಜಗ್ಗಲ್ಲ, ಅಲ್ಯೂಮಿನಿಯಂ ಜಗ್ಗಲ್ಲ. ಅವು ಹಾಗೆ ಉರಿಯೋ ಜಾತಿ ಅಲ್ಲ."

"ಕಬ್ಬಿಣ ಉರಿಯೋದುಂಟಾ? ಯಾರ ಕಿವಿಗೆ ಹೂವು ಇಡ್ತೀರಿ!"

"ಒಂದ್ಸಲ ಹಿಡಿದು ನೋಡಿ."

"ಒಡೆಯೋ ಕೆಲಸ ನನಗೆ ಬೇಡಪ್ಪ. ನನಗೆ ಬೇಕಾದ್ರೆ ಗರಗಸ ಇದೆ."

ಎಂಟನೇ ತಿಂಗಳಲ್ಲಿ ಮೊದಲ ಚೌಕಟ್ಟು ಆಯಿತು. ಗಂಟು ಗಂಟು ಬೆಸುಗೆ, ಆದರೂ ಬೆಸುಗೆ. ಅದಕ್ಕೆ ಬೆಲ್ಲು ನಲವತ್ತು ಸಲ ಹೊಡೆದಿತ್ತು. ಎರಡನೆಯದಕ್ಕೆ ಒಂಬತ್ತು ಸಲ. ಮೂರನೆಯದು ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಕೂತರು, ಉರಿ ಹೊತ್ತಿಸಿದರು, ಕೆಂಪು ಬಂತು, ಬೆವರು ಬಂತು, ಕೊಳ ಬಂತು, ಕೊಳ ಸುತ್ತು ಹಾಕಿಕೊಂಡು ಪೈಪಿನ ಸುತ್ತ ನಡೆಯಿತು. ಬೆಲ್ಲಿಲ್ಲ. ಎದುರಿನ ಕ್ಷೌರದವನು ಗಾಬರಿಯಾಗಿ ಬಾಗಿಲಿಗೆ ಬಂದ. "ಇತ್ತು ಮಾಮ ಹುಷಾರಾಗಿದ್ದಾರಾ? ಸದ್ದೇ ಇಲ್ವಲ್ಲ?" ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಅವನೂ ಅಲ್ಲೇ ನಿಂತು ನೋಡಿದ. ಕೊನೆಯ ಮೂಲೆ ಮುಗಿಸಿ ಅಪ್ಪ ಕನ್ನಡಕ ತೆಗೆದಾಗ ಅವರ ಕಣ್ಣಿನ ಸುತ್ತಲೂ ಎರಡು ಉಂಗುರ ಮೂಡಿದ್ದವು. ಆ ಮೂರನೇ ಚೌಕಟ್ಟನ್ನು ಅವರು ಸಂಜೆಯ ತನಕ ಒರೆಸುತ್ತಲೇ ಇದ್ದರು.

ಪರೀಕ್ಷೆಯ ದಿನ ಅಮ್ಮನೂ ಬಂದು ನನ್ನ ಪಕ್ಕ ಕುರ್ಚಿ ಹಾಕಿಕೊಂಡರು. ವೈದ್ಯರು ಹೇಳಿದ ದಿನಕ್ಕೆ ಇನ್ನೂ ಒಂದು ವಾರವಿತ್ತು. ಅತ್ತೆ ಮೂರು ಚೌಕಟ್ಟುಗಳನ್ನೂ ಗೋಡೆಗೆ ಒರಗಿಸಿದರು.

"ಹೊರಗಿಂದ ಮೂರೂ ಚೆನ್ನಾಗಿವೆ. ಹೊರಗಿಂದ ನೋಡಿದ್ರೆ ನಾನೂ ಮೂವತ್ತರ ಹೆಂಗಸು. ಒಳಗೆ ನೋಡ್ಬೇಕು."

ಯಾರಿಗೂ ಮೋಸ ಆಗಬಾರದೆಂದು ಅತ್ತೆ ಸೆರಗಿನಿಂದ ಕಣ್ಣು ಕಟ್ಟಿಕೊಂಡರು, ಬೆಸುಗೆ ಕಡ್ಡಿ ಕೈಯಲ್ಲಿ ಹಿಡಿದು ನಿಂತಲ್ಲೇ ಮೂರು ಸುತ್ತು ತಿರುಗಿದರು. ಅರವತ್ತು ದಾಟಿದ ಹೆಂಗಸು, ತಲೆ ಸುತ್ತಿ ವೈಸಿಗೆ ಡಿಕ್ಕಿ ಹೊಡೆದು, "ಇಲ್ಲ, ಬಿದ್ದಿಲ್ಲ, ಬಿದ್ದಿಲ್ಲ" ಅನ್ನುತ್ತಾ ಕಡ್ಡಿ ಚಾಚಿದರು. ಕಡ್ಡಿಯ ತುದಿ ಮೂರನೇ ಚೌಕಟ್ಟಿಗೆ ಹೋಗಿ ಟಣ್ ಅಂತ ತಾಗಿತು.

ಅಪ್ಪ ಆ ಚೌಕಟ್ಟನ್ನು ಇನ್ನೊಂದು ಸಲ ಒರೆಸಿ ಮೇಜಿನ ಮೇಲಿಟ್ಟರು. ಟವೆಲ್ ಬಿಚ್ಚಿ ತಮ್ಮ ಹಳೆಯ ಟಾರ್ಚನ್ನು ತೆಗೆದರು, ಅತಿ ಚಿಕ್ಕ ನಾಜಲ್ ಹಾಕಿದರು, ಪೈಪು ಜೋಡಿಸಿದರು, ಹೊತ್ತಿಸಿದರು. ಆರು ಕಣ್ಣಿನ ಉರಿ ಮೂಲೆಯ ಬೆಸುಗೆಯ ಪಕ್ಕ ಕೂತಿತು. ಎಷ್ಟು ಸಲೀಸಾಗಿ ಹಿಡಿದಿದ್ದರೆಂದರೆ, ಯಾರ್ಡಿನಲ್ಲಿ ಅಪ್ಪ ಹೇಗಿದ್ದಿರಬೇಕು ಎಂಬುದು ನನಗೆ ಆಗ ಗೊತ್ತಾಯಿತು. ಕಬ್ಬಿಣ ಕೆಂಪಾಯಿತು.

ಸುಂಯ್ ಅನ್ನುವ ಸದ್ದಿಗೆ ನಾವೆಲ್ಲ ಕಾದೆವು. ಬರಲಿಲ್ಲ.

"ಕೆಂಪಾಯ್ತು ಬೀಗ್ರೇ," ಅಂದರು ಅತ್ತೆ.

ಅಪ್ಪ ಕದಲಲಿಲ್ಲ.

"ಕೆಂಪಾಯ್ತು ಅಂದೆ. ಅದುಮಿ!"

"ನಾನು ಅದುಮು ಅಂತಿದ್ದೀನಿ," ಅಂದರು ಅಪ್ಪ, ಧ್ವನಿ ಎಲ್ಲೋ ಹೂತುಹೋಗಿತ್ತು. "ಅದು ಅದುಮ್ತಾ ಇಲ್ಲ."

ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಲಿವರಿನ ಮೇಲೆ ಒಂದು ಅಂಗುಲ ಎತ್ತರದಲ್ಲಿ ಹೆಬ್ಬೆರಳು ನೆಟ್ಟಗೆ ನಿಂತಿತ್ತು. ಟೊಮೆಟೊ ಬಿಡದ ಬೆರಳು, ಹಡಗು ಬಿಡದ ಬೆರಳು, ನನ್ನ ನೆತ್ತಿಯನ್ನೂ ಬಿಡದ ಬೆರಳು, ಎದುರಿಗೆ ಕಬ್ಬಿಣ ಕೆಂಪಗೆ ನಿಗಿನಿಗಿ ಹೊಳೆಯುತ್ತಿದ್ದರೂ ಕೆಳಗಿಳಿಯಲು ಒಪ್ಪಲಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡರು. "ಅಯ್ಯೋ ಇವರ!" ಅಂದರು.

ಅಪ್ಪ ಉರಿ ಹಿಂದಕ್ಕೆ ತೆಗೆದರು. "ನನ್ನಿಂದ ಆಗಲ್ಲ ಬೀಗ್ತಿಯವ್ರೇ. ಬೇರೆ ಇನ್ನೆಂಥದ್ದಾದ್ರೂ ಕೊಡಿ, ಈ ಮನೆಯ ಬಾಗಿಲು ಕೊಡಿ, ಕತ್ತರಿಸ್ತೀನಿ. ಇದು ಆಗಲ್ಲ."

"ಮಗು ಮಲಗೋದು ಇದ್ರಲ್ಲಿ. ಒಳಗೆ ನೋಡ್ದೆ ನಾನು ಬಿಡಲ್ಲ," ಅಂದರು ಅತ್ತೆ. ಒಂದು ಗಳಿಗೆ ಗರಗಸದ ಕಡೆ ನೋಡಿದರು, ಇನ್ನೊಂದು ಗಳಿಗೆ ಅಪ್ಪನ ಕಡೆ. ಆಮೇಲೆ ಕನ್ನಡಕ ಎಳೆದುಕೊಂಡು ಕೈ ಚಾಚಿದರು. "ಕೊಡಿ ಇತ್ಲಾಗೆ."

"ನಿಮಗೆ ಬರಲ್ಲ."

"ಅದೇ ಗ್ಯಾಸು, ಅದೇ ಪೈಪು. ಏನು ಮಹಾ ವ್ಯತ್ಯಾಸ?"

ಅಪ್ಪ ಟಾರ್ಚು ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು. ಅತ್ತೆ ಅಭ್ಯಾಸ ಬಲದಿಂದ ಟಾರ್ಚನ್ನು ಓರೆ ಹಿಡಿದು, ಕಬ್ಬಿಣ ಕೆಂಪಾಗುವುದನ್ನು ಕಾದು, ಹಲ್ಲು ಕಚ್ಚಿ ಲಿವರ್ ಅದುಮಿದರು. ಸುಂಯ್! ಕಿಡಿಗಳು ಮೇಜಿನಿಂದ ನೆಲಕ್ಕೆ ಧಾರಾಕಾರ ಸುರಿದವು. ಅತ್ತೆ ಕಿಟಾರನೆ ಕಿರುಚಿದರು. ಆದರೆ ಲಿವರ್ ಬಿಡಲಿಲ್ಲ. ಕಿರುಚು ಹಾಗೇ ಉದ್ದವಾಗಿ, ತಿರುಗಿ, ನಗುವಾಯಿತು. ಎಂಥ ನಗು! ಮದುವೆಯಾಗಿ ಮೂರು ವರ್ಷದಲ್ಲಿ ನಾನು ಅವರ ಬಾಯಲ್ಲಿ ಅಂಥ ನಗು ಕೇಳಿರಲಿಲ್ಲ. ಶಾಲೆ ಬಿಟ್ಟ ಹುಡುಗಿಯ ನಗು.

"ಉರಿಯುತ್ತೆ ಕಣ್ರೀ! ಅಯ್ಯಯ್ಯೋ, ಕಬ್ಬಿಣ ನಿಜವಾಗ್ಲೂ ಉರಿಯುತ್ತೆ! ತಾನೇ ಓಡುತ್ತೆ ಇದು! ಹಿಡೀರಿ ಯಾರಾದ್ರೂ ನನ್ನ!"

ಅಪ್ಪನಿಗೆ ತಡೆಯಲಾಗಲಿಲ್ಲ. ತಿರುಗಿದರು. "ನೆಟ್ಟಗೆ! ನೆಟ್ಟಗೆ ಹಿಡೀರಿ! ಓರೆ ಮಾಡ್ಬೇಡಿ, ಇದೇನು ಕಸೂತಿನಾ? ನಿಧಾನ, ನಿಧಾನ ಬೀಗ್ತಿಯವ್ರೇ, ಕೆಂಪಿನ ಹಿಂದೆ ಹೋಗಿ, ಮುಂದೆ ಓಡ್ಬೇಡಿ!"

ಸೊಟ್ಟಸೊಟ್ಟಗೆ, ಇಲಿ ಕಡಿದ ಹಾಗೆ ಕತ್ತರಿಸಿಕೊಂಡು ಮೂಲೆ ನೆಲಕ್ಕೆ ಬಿತ್ತು. ಅತ್ತೆ ಟಾರ್ಚು ಆರಿಸಿದರು, ಆದರೆ ನಗು ಆರಲಿಲ್ಲ. ನಗುತ್ತಲೇ ಆ ಮೂಲೆಯನ್ನು ನೀರಿಗೆ ಹಾಕಿ ತಣಿಸಿದರು, ವೈಸಿಗೆ ಸಿಕ್ಕಿಸಿದರು, ಬೆಸುಗೆಯ ಮೇಲೆ ಗರಗಸದಿಂದ ಒಂದು ಗಾಯ ಮಾಡಿದರು, ಸುತ್ತಿಗೆ ಎತ್ತಿದರು. ಅಷ್ಟಾದ ಮೇಲೆ ನಗು ನಿಲ್ಲಿಸಿದರು. ನಾಲ್ಕು ಪೆಟ್ಟಿಗೆ ಬಗ್ಗಲಿಲ್ಲ. ಐದನೇ ಪೆಟ್ಟಿಗೆ ಮುರಿಯಿತು.

ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಅತ್ತೆ ಆ ಎರಡು ತುಂಡುಗಳನ್ನು ಬಾಗಿಲ ಬೆಳಕಿಗೆ ಒಯ್ದು, ಕಣ್ಣ ಹತ್ತಿರ ಹಿಡಿದು, ಸೂಜಿಯಿಂದ ಕೆದಕಿ ಕೆದಕಿ ನೋಡಿದರು. ಒಳಗೆಲ್ಲ ಸಕ್ಕರೆ ಅಚ್ಚು ಮುರಿದ ಹಾಗೆ ಬೂದುಬಿಳುಪು, ಒಂದೇ ಸಮ.

"ಒಂದು ಗುಳ್ಳೆ ಇದೆ, ಸಾಸಿವೆಯಷ್ಟು," ಅಂದರು. "ನನ್ನ ಮೊದಲನೇ ಬೆಸುಗೆಯಲ್ಲಿ ಏಳು ಇದ್ವು. ಪಾಸು."

"ಅಂದ್ರೆ... ಬಿಟ್ಟುಹೋಗಲ್ವಾ?"

"ನಿಮ್ಮ ಮೊಮ್ಮಗು ತನ್ನ ಮೊಮ್ಮಗೂನ ಇದ್ರಲ್ಲೇ ಮಲಗಿಸ್ಲಿ. ಬಿಡಲ್ಲ ಇದು."

ಅಪ್ಪ ಅಳಲು ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಅತ್ತೆ ಮತ್ತೆ ಟಾರ್ಚಿನ ಕಡೆ ಕೈ ಚಾಚಿ, "ಬೀಗ್ರೇ, ಇನ್ನೂ ಏನಾದ್ರೂ ಕತ್ತರಿಸೋದಿದ್ಯಾ?" ಅಂತ ಅಂಗಡಿಯೆಲ್ಲ ಕಣ್ಣಾಡಿಸಿದರು. ಅವರ ದೃಷ್ಟಿ ಉಳಿದ ಎರಡು ಚೌಕಟ್ಟುಗಳ ಮೇಲೆ ಬಿದ್ದಿತೋ ಇಲ್ಲವೋ, ಅಪ್ಪ ಹಾರಿ ಹೋಗಿ ಎರಡನ್ನೂ ತಬ್ಬಿಕೊಂಡು ನಿಂತರು. ಅಮ್ಮ ನಕ್ಕರು, ಬಾಗಿಲಲ್ಲಿದ್ದ ಕ್ಷೌರದವನು ನಕ್ಕ, ನಾನು ನಕ್ಕೆ. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು, ಪಕ್ಕೆಯಿಂದ ಸೊಂಟಕ್ಕೆ ಇಳಿಯಿತು, ಸೊಂಟದಿಂದ ಬಿಡಲೇ ಇಲ್ಲ.

"ಅತ್ತೆ," ಅಂದೆ, "ಇದು ನಗೋ ನೋವಲ್ಲ ಅನ್ಸುತ್ತೆ."

ಒಂದು ವಾರ ಮುಂಚಿತವಾಗಿ, ಮರುದಿನ ಮಧ್ಯಾಹ್ನ, ಮಗಳು ಹುಟ್ಟಿದಳು. ಆಸ್ಪತ್ರೆಗೆ ಅಪ್ಪ ಬಂದದ್ದು ಸಂಜೆ. ಯಾಕೆ ತಡ ಎಂದು ನಾನು ಸಿಟ್ಟಿನಿಂದ ಕೇಳಿದರೆ, ಕಣ್ಣ ಸುತ್ತಲಿನ ಉಂಗುರ ತೋರಿಸಿದರು. ಎರಡು ಚೌಕಟ್ಟುಗಳನ್ನು ಅಡ್ಡಪೈಪು ಹಾಕಿ ಜೋಡಿಸಿ ಮುಗಿಸಿ ಬಂದಿದ್ದರು. ಕೆಂಪಗಿದ್ದ ಮೊಮ್ಮಗಳನ್ನು ಕೈಯಲ್ಲಿ ಇಡುವಾಗ ನಾನೂ ಅಮ್ಮನೂ ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆವು. ಬೆರಳು ಅಲುಗಾಡಲಿಲ್ಲ.

ಮನೆಗೆ ಬಂದ ದಿನ ತೊಟ್ಟಿಲು ನಡುಮನೆಯಲ್ಲಿ ನಿಂತಿತ್ತು. ಒಂದು ಕಾಲು ಕೂದಲೆಳೆಯಷ್ಟು ಗಿಡ್ಡ. ಕಾಗದ ಮಡಚಿ ಇಟ್ಟಿದ್ದರು. ತಲೆದಿಂಬಿನ ಕಡೆಯ ಪೈಪಿಗೆ ಆ ಸೈಕಲ್ ಬೆಲ್. ಮಗಳನ್ನು ಮಲಗಿಸಿದೆ. ಅಪ್ಪ ಅವಳನ್ನು ನೋಡಲಿಲ್ಲ; ಮಂಡಿಯೂರಿ, ತಲೆ ನೆಲಕ್ಕೆ ತಾಗಿಸಿ, ತೊಟ್ಟಿಲ ಅಡಿಯಿಂದ ನಾಲ್ಕು ಮೂಲೆಯ ಬೆಸುಗೆಗಳನ್ನೂ ಒಂದೊಂದಾಗಿ ನೋಡಿದರು.

ಅಷ್ಟರಲ್ಲಿ ಕ್ಷೌರದವನು ಮಗು ನೋಡಲು ಬಂದ. ಅಪ್ಪ ಎದ್ದು ಮಂಡಿ ಕೊಡವಿಕೊಂಡು, ಬಸ್ ನಿಲ್ದಾಣದಲ್ಲಿ ಆಕಾಶಕ್ಕೆ ಎತ್ತುತ್ತಿದ್ದ ಅದೇ ಕೈಯನ್ನು ಎತ್ತಿದರು.

"ಇಲ್ನೋಡಪ್ಪ, ಇಲ್ಲೊಂದು ತೊಟ್ಟಿಲು ಇ..."

ನಲವತ್ತು ವರ್ಷದ ನಾಲಿಗೆ. ಮುಂದಿನ ಅಕ್ಷರ ಏನೆಂದು ಇಡೀ ಬೀದಿಗೆ ಗೊತ್ತು. ಕ್ಷೌರದವನು ಆಗಲೇ, "ಇತ್ತಾ ಮಾಮ?" ಅಂತ ಕೇಳಿಯೂ ಬಿಟ್ಟ.

"ಇದೆ," ಅಂದರು ಅಪ್ಪ. ತಮ್ಮ ಬಾಯಿಂದ ಬಂದದ್ದನ್ನು ತಾವೇ ನಂಬದವರ ಹಾಗೆ ಒಂದು ಗಳಿಗೆ ನಿಂತರು. ಆಮೇಲೆ ತೊಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. "ಇದೆ ಮಾರಾಯಾ! ಕಣ್ಣು ಬಿಟ್ಟು ನೋಡು, ಮುಟ್ಟಿ ನೋಡು. ನಾನೇ ಮಾಡಿದ್ದು. ಇದೆ!" ಸಂತೋಷಕ್ಕೆ ಏನು ಮಾಡಬೇಕೆಂದು ತಿಳಿಯದೆ ಹೆಬ್ಬೆರಳಿನಿಂದ ಬೆಲ್ ಅದುಮಿಬಿಟ್ಟರು. ಮಗಳು ಬೆಚ್ಚಿಬಿದ್ದು ಊರಿಗೆಲ್ಲ ಕೇಳುವ ಹಾಗೆ ಅತ್ತಳು, ಅತ್ತೆ ಬೀಗರಿಗೆ ಬೈದರು, ನಾನು ಅಪ್ಪನನ್ನು ತಬ್ಬಿಕೊಂಡೆ.